ಸಗರನಾಡಿನ ಕಾಲಾಳುಗಳು

ವಾಡಿಯನ್ನು ದಾಟಿ ರಾಯಚೂರಿನತ್ತ ಸಾಗುವ ರೈಲಿನಲ್ಲಿ ಕುಳಿತ ಪ್ರವಾಸಿಗೆ ಯಾದಗಿರಿಯ ಮೊದಲ ದರ್ಶನವೆಂದರೆ ಅದರ ಕೋಟೆಯ ಬೆಟ್ಟ. ಹೆಬ್ಬಂಡೆಗಳ ನಡುವೆ ಹಾವಿನಂತೆ ಹೊರಳುತ್ತ ಮೇಲೇರಿದ ಗೋಡೆಗಳು ಬಿಸಿಲಿನಲ್ಲಿ ಬಂಡೆಯ ಬಣ್ಣವನ್ನೇ ತಳೆದು, ಯಾವುದು ದೇವರು ಮಾಡಿದ್ದು, ಯಾವುದು ಮನುಷ್ಯ ಕಟ್ಟಿದ್ದು ಎಂದು ತಿಳಿಯದಂತೆ ನಿಂತಿವೆ. ಯಾದವಗಿರಿಯೆಂಬ ಹೆಸರೇ ಯಾದಗಿರಿಯಾಯಿತೆಂದು ಹೇಳುವ ವಾಡಿಕೆ. ಬಹುಕಾಲ ಕಲಬುರಗಿಯ ನೆರಳಿನಲ್ಲಿದ್ದ ಈ ಊರು 2009ರ ಡಿಸೆಂಬರಿನಲ್ಲಿ ತಾನೇ ಒಂದು ಜಿಲ್ಲೆಯ ಕೇಂದ್ರವಾಯಿತು.

ಸಂಜೆಯ ಹೊತ್ತು ಇಂಥ ಊರಿನ ಯಾವ ಬಯಲಿನಲ್ಲಿ ನೋಡಿದರೂ ಹುಡುಗರ ಕಬಡ್ಡಿ ಕಾಣಸಿಗುತ್ತದೆ. ಅಂಕಣದೊಳಗೆ ಏಳು ಮಂದಿ. ಗೆರೆಯ ಹೊರಗೆ ತೊಡೆ ತಟ್ಟುತ್ತ ಕಾದಿರುವವರು ಐವರು. ಪಂದ್ಯವನ್ನು ಬಲ್ಲವನು ಮೊದಲು ನೋಡುವುದು ಈ ಐವರನ್ನೇ. ಅಮೆರಿಕದ ಕಾಲೇಜುಗಳಲ್ಲಿ ಆಡುವ ಕಾಲ್ಚೆಂಡಿನಲ್ಲಿ ಮೈದಾನಕ್ಕಿಳಿಯುವವರು ಹನ್ನೊಂದೇ ಮಂದಿಯಾದರೂ, ಅವರ ಬೆನ್ನಿಗೆ ನೂರರ ಸಮೀಪದ ಪಡೆ ಇರುತ್ತದೆ. ಅಲ್ಲಿನ ತರಬೇತುದಾರರು ಊರೂರು ಅಲೆದು, ಶಾಲೆಯ ಹುಡುಗರನ್ನು ಗುರುತಿಸಿ, ವಿದ್ಯಾರ್ಥಿವೇತನವನ್ನು ಮುಂದೊಡ್ಡಿ ಕರೆತರುತ್ತಾರೆ. ಒಬ್ಬನ ಕಾಲು ಮುರಿದರೆ ಅವನ ಸ್ಥಾನಕ್ಕೆ ಅಷ್ಟೇ ಗಟ್ಟಿಗನಾದ ಇನ್ನೊಬ್ಬ ಸಿದ್ಧನಿರಬೇಕು. ಇದೇನೋ ಹೊಸಕಾಲದ ವಿದ್ಯೆಯೆಂದು ಭಾವಿಸುವವರು ಭೀಮೆಯನ್ನು ದಾಟಿ ಶಹಾಪುರ, ಸುರಪುರಗಳ ಕಡೆಗೆ ಒಮ್ಮೆ ಬರಬೇಕು. ಮುನ್ನೂರು ವರ್ಷಗಳ ಹಿಂದೆ ಈ ಸಗರನಾಡಿನ ಬೇಡ ನಾಯಕರು ಆಳು ಕೂಡಿಸುವ ಈ ವಿದ್ಯೆಯಿಂದಲೇ ದಿಲ್ಲಿಯ ಬಾದಶಹನನ್ನು ದಣಿಸಿದರು.

ಭೀಮೆಯ ಸೇತುವೆ ದಾಟಿದೊಡನೆ ನೆಲದ ಬಣ್ಣ ಕಪ್ಪಾಗುತ್ತದೆ. ತೊಗರಿ, ಹತ್ತಿ, ಜೋಳದ ಹೊಲಗಳು. ನಡುವೆ ಅಲ್ಲಲ್ಲಿ ಆನೆಯ ಹಿಂಡು ಮಲಗಿದಂತೆ ಬಂಡೆಗುಡ್ಡಗಳು. ಶಹಾಪುರ ಸಮೀಪಿಸಿದಾಗ ಆ ಗುಡ್ಡಗಳ ಸಾಲೇ ಮಲಗಿದ ಬುದ್ಧನ ಆಕೃತಿಯನ್ನು ತಳೆಯುತ್ತದೆ. ಹಣೆ, ಮೂಗು, ತುಟಿ, ಎದೆ, ಎಲ್ಲವೂ ಸ್ಪಷ್ಟ. ಬಸ್ಸಿನಲ್ಲಿ ಕುಳಿತ ಮಕ್ಕಳಿಗೆ ತಾಯಂದಿರು ಬೆರಳು ಮಾಡಿ ತೋರಿಸುವುದು ಇದನ್ನೇ. ಸಮೀಪದ ಗೋಗಿಯಲ್ಲಿ ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರು ಚಂದಾ ಹುಸೇನಿಯವರ ದರ್ಗಾದ ಮಗ್ಗುಲಲ್ಲಿ ಮಣ್ಣಾಗಿದ್ದಾರೆ. ಗೋಳಗುಮ್ಮಟದ ವೈಭವವನ್ನು ಕಂಡುಬಂದವರಿಗೆ ಈ ಸರಳ ಸಮಾಧಿಗಳು ಹೆಚ್ಚು ಹಿಡಿಸಿದರೆ ಆಶ್ಚರ್ಯವಿಲ್ಲ.

ಶಹಾಪುರದ ಬಳಿಯ ಸಗರ ಇಂದು ಸಾಮಾನ್ಯ ಊರು. ಹದಿನೇಳನೆಯ ಶತಮಾನದಲ್ಲಿ ಅದು ಪಾಮನಾಯಕನ ನೆಲೆ. ಆದಿಲಶಾಹಿಯ ಕೊನೆಗಾಲದಲ್ಲಿ ಸುಲ್ತಾನನಿಗೆ ಕಷ್ಟಕ್ಕೊದಗಿದವರಲ್ಲಿ ಈ ನಾಯಕನೂ ಒಬ್ಬ. 1685ರಲ್ಲಿ ಔರಂಗಜೇಬನ ಸೈನ್ಯ ಬಿಜಾಪುರವನ್ನು ಮುತ್ತಿದಾಗ, ಕೋಟೆಯೊಳಗೆ ಹಸಿದವರಿಗಾಗಿ ಪಾಮನಾಯಕ ಆರು ಸಾವಿರ ಬೇಡ ಕಾಲಾಳುಗಳ ತಲೆಯ ಮೇಲೆ ಧಾನ್ಯದ ಚೀಲಗಳನ್ನು ಹೊರಿಸಿ ಕಳುಹಿಸಿದನು. ದಾರಿಯಲ್ಲಿ ಫಿರೋಜ್ ಜಂಗನ ಕುದುರೆ ಸೈನ್ಯ ಅವರ ಮೇಲೆರಗಿ ಆ ಪಡೆಯನ್ನು ಧ್ವಂಸಮಾಡಿತು. ತಲೆಯ ಮೇಲೆ ಹೊರೆ, ಎದುರಿಗೆ ಕುದುರೆಗಳು! ಆ ಚಿತ್ರವನ್ನು ನೆನೆದರೆ ಇಂದಿಗೂ ಮನಸ್ಸು ಕುಗ್ಗುತ್ತದೆ. ಎರಡು ವರ್ಷಗಳ ಬಳಿಕ, 1687ರ ನವೆಂಬರಿನಲ್ಲಿ, ಸಗರವೂ ಮೊಗಲರ ವಶವಾಯಿತು. ಶರಣಾದ ಪಾಮನಾಯಕ ಬಾದಶಹನ ಬೀಡಿನಲ್ಲಿ ಹೆಚ್ಚು ದಿನ ಬದುಕಲಿಲ್ಲ.

ಆರು ಸಾವಿರ ಆಳು, ರಾಜಧಾನಿ, ಒಡೆಯ, ಮೂರನ್ನೂ ಕಳೆದುಕೊಂಡ ಮೇಲೆ ಒಂದು ಪುಟ್ಟ ಸಂಸ್ಥಾನದ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಕಾರಣವನ್ನು ಅರಿಯಬೇಕಾದರೆ ಸುರಪುರದ ಪಶ್ಚಿಮಕ್ಕಿರುವ ವಾಗಿನಗೇರಿಯ ಗುಡ್ಡವನ್ನೇರಬೇಕು. ಪಾಮನಾಯಕನ ಉತ್ತರಾಧಿಕಾರಿ ಪಿಡ್ಡನಾಯಕ ಇಲ್ಲಿ ನಿಂತು ಪಡೆಯನ್ನು ಮತ್ತೆ ಕಟ್ಟಿದನು. ಮೊದಮೊದಲು ಅವನು ಮೊಗಲರ ಮನಸಬುದಾರನೇ ಆಗಿ, ರಾಯಚೂರಿನ ಮುತ್ತಿಗೆಯಲ್ಲಿ ಅವರಿಗೆ ನೆರವಾಗಿ, ಮೇಲಿಂದ ವಿಧೇಯತೆ ತೋರುತ್ತ ಒಳಗಿಂದ ಕೋಟೆಯನ್ನು ಬಲಪಡಿಸಿದನು. ಸುತ್ತಲಿನ ಬೇಡ ಯುವಕರನ್ನು ಬರಮಾಡಿಕೊಂಡನು. ಹತ್ತು ಸಾವಿರಕ್ಕೆ ಮೀರಿದ ಕೋವಿಕಾರರು ಅವನ ಬಳಿ ಸೇರಿದರು. ಗುರಿ ತಪ್ಪದ ಕೈ, ಕತ್ತಲಿನಲ್ಲಿ ಬಂಡೆಯಿಂದ ಬಂಡೆಗೆ ಸದ್ದಿಲ್ಲದೆ ಸರಿಯುವ ಕಾಲು, ಇವೆರಡೇ ಅವರ ಬಂಡವಾಳ. ನಾಯಕ ತನ್ನ ಕುಲದವರಷ್ಟೇ ಸಾಕೆಂದು ಕೂರಲಿಲ್ಲವೆಂಬುದು ಗಮನಾರ್ಹ. ಅನ್ಯ ಜಾತಿಯವರು, ಸಯ್ಯದರು ಕೂಡ, ಅವನ ಸಂಬಳದ ಆಳುಗಳಾಗಿದ್ದರು. ಮರಾಠರ ಕುಟುಂಬಗಳಿಗೂ ವಾಗಿನಗೇರಿ ಆಶ್ರಯವಿತ್ತಿತ್ತು.

ಬೇಡರ ಪಡೆಗೆ ಆಧಾರವಾಗಿದ್ದುದು ನೆಲ. ಸೇವೆಗೆ ಪ್ರತಿಯಾಗಿ ಹೊಲವನ್ನು ಉಣ್ಣುವ ಮನೆತನಗಳು ಹಳ್ಳಿಹಳ್ಳಿಯಲ್ಲಿದ್ದವು. ಶಾಂತಿಯ ದಿನಗಳಲ್ಲಿ ಅವರು ಉಳುವವರು, ಬೇಟೆಯಾಡುವವರು. ಕರೆ ಬಂದ ದಿನ ಗೂಟಕ್ಕೆ ತೂಗಹಾಕಿದ ಕೋವಿ ಹೆಗಲಿಗೇರುತ್ತಿತ್ತು. ತಂದೆ ಬಿದ್ದರೆ ಮಗ, ಅಣ್ಣ ಬಿದ್ದರೆ ತಮ್ಮ. ಹೊಲ ಮನೆಯಲ್ಲೇ ಉಳಿಯುವುದರಿಂದ ಹೊಣೆಯೂ ಮನೆಯಲ್ಲೇ ಉಳಿಯುತ್ತಿತ್ತು. ಬಾದಶಹನ ಬೀಡಿನಲ್ಲಾದರೋ ಸಂಬಳ ತಿಂಗಳುಗಟ್ಟಲೆ ಬಾಕಿ. ಮನೆ ಬಿಟ್ಟು ವರ್ಷಗಳಾದ ಸೈನಿಕರಿಗೆ ದಖ್ಖಣದ ಮಣ್ಣೇ ಬೇಸರ ತಂದಿತ್ತು.

1705ರ ಫೆಬ್ರವರಿಯಲ್ಲಿ ಎಂಬತ್ತಾರು ವರ್ಷದ ಮುದುಕ ಔರಂಗಜೇಬ ತಾನೇ ಬಂದು ವಾಗಿನಗೇರಿಯ ಮುಂದೆ ಬೀಡುಬಿಟ್ಟನು. ಹೊರಗಿನಿಂದ ಧನಾಜಿ ಜಾಧವನ ಮರಾಠಾ ಕುದುರೆಗಳು, ಒಳಗಿನಿಂದ ಬೇಡರ ಕೋವಿಗಳು. ಪಿಡ್ಡನಾಯಕ ನಡುವೆ ಸಂಧಾನದ ಮಾತೆತ್ತಿ ದಿನಗಳನ್ನು ನೂಕಿದ. ಝುಲ್ಫಿಕಾರ ಖಾನನಂಥ ಸೇನಾನಿಗಳು ದೂರದಿಂದ ಬಂದು ಸೇರಿದ ಮೇಲೆಯೇ ಮುತ್ತಿಗೆಗೆ ಬಲ ಬಂತು. ಏಪ್ರಿಲಿನ ಕೊನೆಗೆ, ಇನ್ನು ಉಳಿಯದೆಂದು ಕಂಡಾಗ, ನಾಯಕ ಮನೆಗಳಿಗೆ ಬೆಂಕಿಯಿಡಿಸಿ ರಾತ್ರೋರಾತ್ರಿ ಆಳುಗಳೊಡನೆ ಜಾರಿಕೊಂಡನು. ಬಾದಶಹನಿಗೆ ದಕ್ಕಿದ್ದು ಉರಿಯುವ ಬರಿಯ ಗೋಡೆಗಳು.

ಕೋಟೆ ಬಿಟ್ಟವನನ್ನು ಹೇಡಿಯೆನ್ನುವುದು ಸುಲಭ. ಆದರೆ ಎರಡು ದಶಕಗಳ ಹಿಂದೆ ಒಂದೇ ದಿನದ ಕದನದಲ್ಲಿ ಕಾಲಾಳುಗಳನ್ನು ಕಳೆದುಕೊಂಡುದರ ನೆನಪು ಆ ಮನೆತನಕ್ಕಿತ್ತಷ್ಟೆ? ಗೋಡೆಯನ್ನು ಮತ್ತೆ ಕಟ್ಟಬಹುದು, ಪಳಗಿದ ಕೋವಿಕಾರನನ್ನು ಬೆಳೆಸಲು ಇಪ್ಪತ್ತು ವರ್ಷ ಬೇಕು. ಔರಂಗಜೇಬ ತಾನೇ ನಡೆಸಿದ ಕೊನೆಯ ಮುತ್ತಿಗೆ ಇದಾಯಿತು. ಅಲ್ಲೇ ಸಮೀಪದ ದೇವಾಪುರದ ಬೀಡಿನಲ್ಲಿ ಅವನು ಕಾಯಿಲೆ ಬಿದ್ದು, ಅಹಮದನಗರಕ್ಕೆ ಮರಳಿ, 1707ರಲ್ಲಿ ತೀರಿಕೊಂಡನು. ಪಿಡ್ಡನಾಯಕನ ಆಳುಗಳಿಗೆ ಸುರಪುರದ ಬೆಟ್ಟಗಳ ನಡುವೆ ಹೊಸ ರಾಜಧಾನಿ ಎದ್ದಿತು.

ಗುಡ್ಡದ ಬಟ್ಟಲಿನೊಳಗೆ ಕುಳಿತ ಆ ಸುರಪುರವನ್ನು ದೂರದಿಂದ ನೋಡಿದರೆ ಊರೇ ಇಲ್ಲವೆನಿಸುತ್ತದೆ. ಏರು ಹತ್ತಿ ಇಳಿದಾಗ ಥಟ್ಟನೆ ಅರಮನೆ, ಗುಡಿ, ಬೀದಿ ಎದುರಾಗುತ್ತವೆ. ಗರುಡಾದ್ರಿ ಮನೆತನದ ಕಲಾವಿದರು ಚಿನ್ನದ ಲೇಪ ಹಾಕಿ ಬರೆದ ದೇವತಾಚಿತ್ರಗಳಿಂದ ಈ ಊರಿನ ಹೆಸರು ದೂರ ಹಬ್ಬಿದೆ. ಒಂದು ದಿಬ್ಬದ ಮೇಲೆ ಟೇಲರ್ ಮಂಜಿಲ್ ನಿಂತಿದೆ. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡ ಮೆಡೋಸ್ ಟೇಲರನ ಬಂಗಲೆ ಅದು. ರಾಜ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಪಾಮನಾಯಕನು ಕಟ್ಟಿಸಿದ ಬೋನಾಳ ಕೆರೆಯನ್ನು ಟೇಲರ್ ದುರಸ್ತಿ ಮಾಡಿಸಿದನೆಂಬ ಪ್ರತೀತಿಯಿದೆ. ಅದೀಗ ಪಕ್ಷಿಧಾಮ, ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳಿಂದ ನೀರೇ ಕಾಣದು.

ಆಡಳಿತ ಕೈಗೆ ಬಂದ ರಾಜನಿಗೆ ಸಾಲ ಬೆಳೆಯಿತು, ಸಲಹೆಗಾರರು ಹೆಚ್ಚಿದರು. 1857ರ ಬಿರುಗಾಳಿ ಎದ್ದಾಗ ಅವನು ಬೇಡರ ಜೊತೆಗೆ ಅರಬರನ್ನೂ ರೋಹಿಲರನ್ನೂ ಹಣಕೊಟ್ಟು ಕರೆಸಿಕೊಂಡನು. ಪಡೆ ದೊಡ್ಡದಾಯಿತು, ಆದರೆ ಆಳವಾಗಲಿಲ್ಲ. 1858ರ ಫೆಬ್ರವರಿಯಲ್ಲಿ ಕದನ ನಡೆದು ನ್ಯೂಬೆರಿಯೆಂಬ ಬ್ರಿಟಿಷ್ ಅಧಿಕಾರಿ ಬಿದ್ದನಾದರೂ, ಹೊಸ ಸೈನ್ಯಗಳು ಬರುತ್ತಿವೆಯೆಂಬ ಸುದ್ದಿ ತಲುಪಿದ ರಾತ್ರಿ ರಾಜ ಕೆಲವೇ ಸವಾರರೊಡನೆ ಹೈದರಾಬಾದಿನತ್ತ ಹೊರಟುಹೋದನು. ಮರುದಿನ ಊರು ಬಹುಮಟ್ಟಿಗೆ ಬರಿದಾಗಿತ್ತು. ಹಳ್ಳಿಗಳು ತಮ್ಮವರನ್ನು ಒಳಗೆಳೆದುಕೊಂಡಿದ್ದವು.

ಸೆರೆಸಿಕ್ಕ ರಾಜನನ್ನು ಟೇಲರ್ ಕಂಡನು. ತನ್ನನ್ನು ಪ್ರೇರಿಸಿದವರ ಹೆಸರು ಹೇಳಲು ಇಪ್ಪತ್ತನಾಲ್ಕರ ಆ ಯುವಕ ಒಪ್ಪಲಿಲ್ಲ. ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿಸಿರೆಂದು ಮಾತ್ರ ಬೇಡಿಕೊಂಡನು. ಮರಣದಂಡನೆ ಸೆರೆಯಾಗಿ ಇಳಿಯಿತು. ಚೆಂಗಲಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನ ಬಾಳು ಕೊನೆಗೊಂಡಿತು. 1860ರಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮನಿಗೆ ಕೊಟ್ಟರು. ವಾಗಿನಗೇರಿಯ ಮುತ್ತಿಗೆಯಲ್ಲಿ ಹೋರಾಡಿದ ಚಿನ್ ಕಿಲಿಚ್ ಖಾನನೇ ಆ ನಿಜಾಮರ ಮೂಲಪುರುಷ. ಇತಿಹಾಸಕ್ಕೂ ಇಂಥ ಕುಚೋದ್ಯವುಂಟು.

ನಾರಾಯಣಪುರದ ಜಲಾಶಯದಿಂದ ಹೊರಟ ಕೃಷ್ಣೆಯ ಎಡದಂಡೆ ಕಾಲುವೆ ಇಂದು ಈ ಸೀಮೆಯಲ್ಲಿ ಭತ್ತವನ್ನು ಬೆಳೆಯಿಸಿದೆ. ಆದರೂ ನೀರು ತಲುಪದ ಹಳ್ಳಿಗಳಿಂದ ಹಿಂಗಾರಿನ ಬಳಿಕ ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೊರಡುವವರ ಸಾಲು ನಿಂತಿಲ್ಲ. ಆಳು ಕೂಡಿಸುವ ಗುತ್ತಿಗೆದಾರರು ಇಂದಿಗೂ ಇದೇ ಹಳ್ಳಿಗಳನ್ನು ಹುಡುಕಿ ಬರುತ್ತಾರೆ. ಮುಂಗಡದ ಹಣ ಕೊಡುತ್ತಾರೆ, ಹೊಲವನ್ನಲ್ಲ.

ಶ್ರಾವಣ ಕಳೆಯುತ್ತ ಬಂದಾಗ ಸುರಪುರದ ವೇಣುಗೋಪಾಲಸ್ವಾಮಿಯ ಹಾಲೋಕುಳಿಗೆ ದೂರ ಹೋದವರಲ್ಲಿ ಹಲವರು ಮರಳುತ್ತಾರೆ. ಗುಡಿಯ ಮುಂದೆ ನೆಟ್ಟ ಜಾರುವ ಕಂಬಗಳಿಗೆ ಯುವಕರು ಮುಗಿಬೀಳುತ್ತಾರೆ. ಮೇಲಿನಿಂದ ನೀರು ಸುರಿಯುತ್ತದೆ. ಅರ್ಧ ಏರಿದವನು ಜಾರಿದೊಡನೆ ಅವನ ಹೆಗಲ ಮೇಲೆ ಕಾಲಿಟ್ಟು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಸುತ್ತ ನೆರೆದ ಜನ ಕೇಕೆ ಹಾಕುತ್ತಾರೆ. ಕೆಳಗೆ ಒದ್ದೆ ಮಣ್ಣಿನಲ್ಲಿ, ತಲೆಯ ಪಾವುಡ ಬಿಗಿದುಕೊಂಡು, ಇನ್ನೂ ಹತ್ತಾರು ಹುಡುಗರು ತಮ್ಮ ಸರದಿಗಾಗಿ ಮೇಲೆ ನೋಡುತ್ತ ನಿಂತಿರುತ್ತಾರೆ.