ನಮ್ಮ ಬೀದಿಗೆ ಹೆಸರಿಟ್ಟಿದ್ದು ಯಾರು?

ಊರಿನ ಮಾತು, ಭಾಗ 6

ಫೋಟೋದಲ್ಲಿ ಹಳದಿ ಬೋರ್ಡು ಕಾಣ್ತಿದೆಯಲ್ಲ, ಅದು ನಮ್ಮ ಬೀದಿದು. 'ಹರಿಜನ ಕಾಲೋನಿ' ಅಂತ ಬರೆದಿದೆ. ಹುಟ್ಟಿದಾಗಿಂದ ಅದರ ಪಕ್ಕದಲ್ಲೇ ಓಡಾಡಿದ್ದೀನಿ. ಫೋಟೋ ತೆಗೆದಿದ್ದು ಮಾತ್ರ ಇದೇ ಮೊದಲು.

ಹೋದ ತಿಂಗಳು ಇಂಟರ್ನ್‌ಶಿಪ್ ಕೇಳೋಕೆ ಒಂದು ಆಡಿಟರ್ ಆಫೀಸಿಗೆ ಹೋಗಿದ್ದೆ. ಮಾರ್ಕ್ಸ್ ಕಾರ್ಡ್ ನೋಡಿ ಖುಷಿಪಟ್ರು, ಟ್ಯಾಲಿ ಬರುತ್ತಾ ಅಂದ್ರು. ಆಮೇಲೆ ಆಧಾರ್ ಝೆರಾಕ್ಸ್ ತಿರುಗಿಸಿ ವಿಳಾಸ ಓದಿದ್ರು. "ಓ, ಅಲ್ಲಿಯವರಾ" ಅಂದ್ರು. ಅಷ್ಟೇ. ಮತ್ತೆ ಟ್ಯಾಲಿ ಮಾತು ಬರಲಿಲ್ಲ. ಫೋನ್ ಮಾಡ್ತೀವಿ ಅಂದವರು ಮಾಡಲೂ ಇಲ್ಲ. ಅದಕ್ಕೆ ವಿಳಾಸವೇ ಕಾರಣ ಅಂತ ಸಾಬೀತು ಮಾಡೋಕೆ ನನ್ನ ಹತ್ರ ಏನೂ ಇಲ್ಲ. ಆದ್ರೆ ಮುಂದಿನ ಫಾರ್ಮಿನಲ್ಲಿ ನಾನೇ 'ಹಾಲಿನ ಡೈರಿ ಹಿಂಭಾಗ' ಅಂತ ಬರೆದುಬಿಟ್ಟೆ. ಬರೆದ ಮೇಲೆ ನನ್ನ ಮೇಲೇ ಸಿಟ್ಟು ಬಂತು.

"ಹರಿಜನ ಅಂದ್ರೆ ದೇವರ ಜನ, ಒಳ್ಳೇ ಅರ್ಥ ತಾನೇ?" ಅಂತ ನೀವು ಕೇಳಬಹುದು. ಆ ಪದವನ್ನ ಬಳಕೆಗೆ ತಂದಿದ್ದು ಗಾಂಧೀಜಿ. 1933ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಶುರು ಮಾಡಿದ್ರು. ಅಂಬೇಡ್ಕರ್ ಅದನ್ನ ಒಪ್ಪಲಿಲ್ಲ. 1938ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಆ ಪದವನ್ನ ಕಾನೂನಿಗೆ ಸೇರಿಸೋಕೆ ಹೊರಟಾಗ ಅವರೂ ಅವರ ಪಕ್ಷದವರೂ ಪ್ರತಿಭಟಿಸಿ ಹೊರನಡೆದ್ರು. ಅರ್ಥ ಚೆನ್ನಾಗಿದ್ರೆ ಸಾಕಾ? ಯಾರನ್ನ ಕರೀತೀವೋ ಅವರನ್ನ ಒಂದು ಮಾತು ಕೇಳಬೇಡ್ವಾ?

ಇನ್ನೊಂದು ಯೋಚನೆ ಮಾಡಿ. 'ಅಗ್ರಹಾರ' ಅಂದ್ರೆ ಬ್ರಾಹ್ಮಣರಿಗೆ ದಾನ ಕೊಟ್ಟ ಜಾಗ. ಬೆಂಗಳೂರಲ್ಲೇ ಎಷ್ಟು ಅಗ್ರಹಾರಗಳಿವೆ! ಆ ವಿಳಾಸ ಬರೆಯೋಕೆ ಯಾರ ಪೆನ್ನೂ ತಡವರಿಸಲ್ಲ. ಎರಡೂ ಜಾತಿ ಹೇಳೋ ಹೆಸರೇ. ಒಂದು ಹೆಸರು ಮಾತ್ರ ಭಾರ.

ಪಕ್ಕದ ರಾಜ್ಯಗಳು ಇದನ್ನ ಗಂಭೀರವಾಗಿ ತಗೊಂಡಿವೆ. ಜಾತಿ ಹೆಸರಿನ ಬಡಾವಣೆಗಳ ಹೆಸರು ಬದಲಿಸೋಕೆ ಮಹಾರಾಷ್ಟ್ರ 2020ರಲ್ಲಿ ತೀರ್ಮಾನ ಮಾಡಿತು. ಕೇರಳ 2024ರಲ್ಲಿ 'ಕಾಲೋನಿ' ಪದವನ್ನೇ ಕೈಬಿಟ್ಟು 'ನಗರ', 'ಉನ್ನತಿ' ಥರದ ಹೆಸರು ಸೂಚಿಸಿತು. 2025ರಲ್ಲಿ ತಮಿಳುನಾಡೂ ಸರ್ಕಾರಿ ದಾಖಲೆಯಿಂದ 'ಕಾಲೋನಿ' ತೆಗೀತೀವಿ ಅಂತ ಘೋಷಿಸಿತು.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಅಜ್ಜಿ ಎಲೆಅಡಿಕೆ ಹಾಕ್ಕೊಂಡು, "ಬೋರ್ಡು ಬರೋಕೆ ಮುಂಚೆ ನಾವು ಇದನ್ನ ಹುಣಸೆಮರದ ಬೀದಿ ಅಂತಿದ್ವಿ ಮಗ" ಅಂದ್ರು. ಮರ ಈಗಿಲ್ಲ. ಹೆಸರಿತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ.

ನಾವು ಬಿಕಾಂನವರಿಗೆ ಗೊತ್ತು, ಖಾತೆಯ ಹೆಸರು ತಿದ್ದಿದ್ರೆ ಬಾಕಿ ತೀರಲ್ಲ. ಹೊಸ ಬೋರ್ಡು ಹಾಕಿದ ತಕ್ಷಣ ನಮ್ಮ ಬೀದಿಗೆ ಚರಂಡಿ ಬರಲ್ಲ, "ಅಲ್ಲಿಯವರಾ" ಅನ್ನೋ ದನಿಯೂ ಹೋಗಲ್ಲ. ಆದ್ರೆ ತಪ್ಪು ಹೆಸರಲ್ಲಿ ಖಾತೆ ಇಟ್ಕೊಂಡು ಲೆಕ್ಕ ಸರಿ ಇದೆ ಅನ್ನೋಕೂ ಆಗಲ್ಲ.

ಮುಂದಿನ ವಾರ್ಡ್ ಸಭೆಯಲ್ಲಿ ಅಜ್ಜಿ ಹೇಳಿದ ಹೆಸರನ್ನ ಅರ್ಜಿ ಬರೆದು ಕೊಡ್ತೀನಿ. ಅದಕ್ಕೆ ಮುಂಚೆ ಬೀದಿಯ ಪ್ರತಿ ಮನೆಗೂ ಹೋಗಿ ಕೇಳಬೇಕು. ಅವರಿಗೆ ಬೇರೆ ಹೆಸರು ಇಷ್ಟ ಆದ್ರೆ ಅದೇ ಆಗಲಿ.

ನಿಮ್ಮ ಬೀದಿಯ ಹೆಸರೇನು? ಇಟ್ಟಿದ್ದು ಯಾರು? ಇವತ್ತು ಮನೆಯಲ್ಲಿ ದೊಡ್ಡವರನ್ನ ಕೇಳಿ, ಕಾಮೆಂಟಲ್ಲಿ ಬರೀರಿ.