ನಿರೀಕ್ಷಿತ ಉತ್ತರ

ನಮ್ಮ ಪುಟ್ಟೇನಹಳ್ಳಿಗೆ ಮೊದಲ ಸಲ ಬರುವವರಲ್ಲಿ ಅರ್ಧ ಜನ ಜೆ.ಪಿ. ನಗರದ ಪುಟ್ಟೇನಹಳ್ಳಿಗೆ ಹೋಗಿ, ಅಲ್ಲಿಂದ ಫೋನ್ ಮಾಡಿ, "ಕೆರೆ ಹತ್ರಾನೇ ನಿಂತಿದೀನಿ ಸಾರ್" ಅನ್ನುತ್ತಾರೆ. ಅಲ್ಲೂ ಕೆರೆ ಇದೆ, ಇಲ್ಲೂ ಇದೆ, ತಪ್ಪು ಅವರದ್ದಲ್ಲ. ನಮ್ಮದು ಯಲಹಂಕ ಉಪನಗರದ ಮಗ್ಗುಲಲ್ಲಿರುವುದು, 2015ರಲ್ಲಿ ಸರ್ಕಾರ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಕೆರೆಯ ಪುಟ್ಟೇನಹಳ್ಳಿ. ಹೀಗೆ ಊರಿನ ಆ ತುದಿ ಮುಟ್ಟಿ ಈ ತುದಿಗೆ ಬಂದವರು ಬೆವರು ಒರೆಸಿಕೊಂಡು, ಕಾಫಿ ಕುಡಿದು, ಅಳುಕುತ್ತಾ ಕೇಳುವುದು ಒಂದೇ ಪ್ರಶ್ನೆ: "ಮೇಷ್ಟ್ರ ಕೆಲಸ ನನಗೆ ಒಗ್ಗುತ್ತಾ ಸಾರ್?"

ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನಿಗೆ ಇದು ಗೊತ್ತಿರಲೇಬೇಕು ಎಂಬುದು ಅವರ ನಂಬಿಕೆ. ಬರುವವರಲ್ಲಿ ಹಳೇ ಶಿಷ್ಯರಿದ್ದಾರೆ, ನೆಂಟರ ಮಕ್ಕಳಿದ್ದಾರೆ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು ಕೂತು ಬೆನ್ನು ಹಿಡಿದುಕೊಂಡವರು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಏನಾದರೂ ಮಾಡಬೇಕೆಂದು ಹೊರಟ ಗೃಹಿಣಿಯರು, ಎಂ.ಎಸ್ಸಿ. ಮುಗಿಸಿ ಮುಂದೇನು ಎಂದು ತೋಚದ ಹುಡುಗರು. ಕಾರಣ ಕೇಳಿದರೆ ಮೂರು ಮತ್ತೊಂದು. "ಮಕ್ಕಳು ಅಂದ್ರೆ ನನಗೆ ಪ್ರಾಣ" ಅನ್ನುವವರಿಗೆ, ಯಾರ ಮಕ್ಕಳು, ಎಷ್ಟು ಮಕ್ಕಳು, ಎಷ್ಟು ಹೊತ್ತಿನಲ್ಲಿ ಎಂದು ಕೇಳುತ್ತೇನೆ. ಭಾನುವಾರ ಮನೆಗೆ ಬಂದ ಅಕ್ಕನ ಮಗು ಬೇರೆ. ಊಟ ಮುಗಿಸಿ, ಬಿಸಿಲಲ್ಲಿ ಕುಣಿದು, ಬೆವರಿನ ವಾಸನೆ ಸಮೇತ ಒಳಗೆ ನುಗ್ಗುವ ನಲವತ್ತು ಮಕ್ಕಳು ಬೇರೆ. "ಸಬ್ಜೆಕ್ಟ್ ಮೇಲೆ ಹಿಡಿತ ಇದೆ" ಅನ್ನುವವರ ವಿಷಯದಲ್ಲಿ ನನಗೆ ಇನ್ನೂ ಭಯ. ರಜೆ ಜಾಸ್ತಿ ಎಂದು ಬರುವವರು ಮಾತ್ರ ಪ್ರಾಮಾಣಿಕರು. ಅವರಿಗೆ ಚುನಾವಣೆ, ಜನಗಣತಿ, ಜಾತಿ ಸಮೀಕ್ಷೆಗಳ ಪಟ್ಟಿ ಒಪ್ಪಿಸಿದರೆ ಅಲ್ಲಿಗೆ ಮಾತು ಮುಗಿಯುತ್ತದೆ.

ಉಳಿದವರಿಗೆ ಅಟ್ಟದ ಮೇಲಿಂದ ನನ್ನ ಬಿ.ಇಡಿ. ರೆಕಾರ್ಡ್ ಇಳಿಸಿ ತೋರಿಸುತ್ತೇನೆ.

ಎಂಬತ್ತರ ದಶಕದ ಕೊನೆಯದು ಅದು. ಖಾಕಿ ಬೈಂಡು, ಅಂಚು ಕೆಂಪು ಗೆರೆ, ಬೆಳ್ಳಿಮೀನು ತಿಂದ ತೂತುಗಳು. ಒಳಗೆ ಪಾಠ ಯೋಜನೆಗಳು. ಒಂದೊಂದು ಪುಟದಲ್ಲೂ ಕಾಲಂಗಳು: ಉದ್ದೇಶ, ವಿಷಯಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಕಪ್ಪುಹಲಗೆ ಕೆಲಸ, ಮೌಲ್ಯಮಾಪನ. ವಿದ್ಯಾರ್ಥಿಗಳ ಚಟುವಟಿಕೆಯಲ್ಲಿ ಬರೆಯಬೇಕಾಗಿದ್ದದ್ದು ನಿರೀಕ್ಷಿತ ಉತ್ತರ. ಅಂದರೆ ನಾಳೆ ಹನ್ನೊಂದು ಗಂಟೆಗೆ ನಾನು ಇಂಥ ಪ್ರಶ್ನೆ ಕೇಳುತ್ತೇನೆ, ನಾನು ಮುಖ ಕಾಣದ ಒಬ್ಬ ಹುಡುಗ ಎದ್ದು ನಿಂತು ಇಂಥದ್ದೇ ಉತ್ತರ ಹೇಳುತ್ತಾನೆ ಎಂದು ಹಿಂದಿನ ರಾತ್ರಿಯೇ ಬರೆದು ಸಹಿ ಹಾಕಿಸಿಕೊಳ್ಳಬೇಕು. ಜ್ಯೋತಿಷಿಗಳಿಗೂ ಇಷ್ಟು ಧೈರ್ಯವಿಲ್ಲ.

ಈ ಪುಸ್ತಕದ ವಂಶಾವಳಿ ಹುಡುಕುತ್ತಾ ಹೋದರೆ ಒಬ್ಬ ಮನೆಪಾಠದ ಮೇಷ್ಟ್ರು ಸಿಗುತ್ತಾನೆ. ಜರ್ಮನಿಯ ಯೊಹಾನ್ ಫ್ರೆಡ್ರಿಕ್ ಹರ್ಬಾರ್ಟ್, ಹುಟ್ಟಿದ್ದು 1776ರಲ್ಲಿ. ವಿಶ್ವವಿದ್ಯಾಲಯದ ಓದನ್ನು ನಡುವೆಯೇ ಬಿಟ್ಟು 1797ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಅಲ್ಲಿನ ಒಬ್ಬ ಗವರ್ನರನ ಮೂವರು ಗಂಡುಮಕ್ಕಳಿಗೆ ಪಾಠ ಹೇಳಲು ಸೇರಿದ. ಕರಾರು ಏನೆಂದರೆ, ಮಕ್ಕಳ ಓದು ಹೇಗೆ ಸಾಗಿದೆ ಎಂದು ಅಪ್ಪನಿಗೆ ಆಗಾಗ ಪತ್ರ ಬರೆದು ವರದಿ ಒಪ್ಪಿಸುತ್ತಿರಬೇಕು. ಆ ಪತ್ರಗಳಲ್ಲಿ ಕೆಲವು ಈಗಲೂ ಉಳಿದಿವೆ. ಮೂರು ವಯಸ್ಸಿನ ಮೂರು ಹುಡುಗರು, ಒಬ್ಬನಿಗೆ ಹಿಡಿಸಿದ್ದು ಇನ್ನೊಬ್ಬನಿಗೆ ಹಿಡಿಸದು. ಹೊಸದನ್ನು ಹೇಳುವ ಮೊದಲು ಮಗುವಿನ ತಲೆಯಲ್ಲಿ ಈಗಾಗಲೇ ಏನಿದೆ ಎಂದು ನೋಡಬೇಕು, ಅದಕ್ಕೆ ಇದು ಅಂಟಿಕೊಂಡರೆ ಮಾತ್ರ ನಿಲ್ಲುತ್ತದೆ ಎನ್ನುವುದು ಮುಂದೆ ಅವನ ಸಿದ್ಧಾಂತದ ಜೀವಾಳವಾಯಿತು. 1809ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕಾಂಟ್ ಕೂತಿದ್ದ ಪೀಠಕ್ಕೇ ಪ್ರಾಧ್ಯಾಪಕನಾಗಿ ಹೋದ.

ಅವನು ಸತ್ತ ಮೇಲೆ ಶಿಷ್ಯಪರಂಪರೆ ಶುರುವಾಯಿತು, ಅಲ್ಲಿಗೆ ಕಥೆ ಕೆಟ್ಟಿತು. ಟ್ಸಿಲ್ಲರ್, ರೈನ್ ಎಂಬ ಅನುಯಾಯಿಗಳು ಗುರುವಿನ ಮಾತನ್ನು ಐದು ಮೆಟ್ಟಿಲಾಗಿ ಕಡೆದಿಟ್ಟರು: ಸಿದ್ಧತೆ, ಮಂಡನೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಆ ಮೆಟ್ಟಿಲು ಇಂಗ್ಲೆಂಡಿನ ತರಬೇತಿ ಕಾಲೇಜುಗಳಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1956ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯ ಉದ್ದೇಶಗಳನ್ನು ವರ್ಗೀಕರಿಸಿದ ಮೇಲೆ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂಬ ಮತ್ತೊಂದು ಕಾಲಂ ಸೇರಿಕೊಂಡಿತು. ಮಗುವಿನ ತಲೆಯಲ್ಲಿ ಏನಿದೆ ನೋಡು ಎಂದವನ ಹೆಸರಿನಲ್ಲಿ, ಅದನ್ನು ನೋಡದೆಯೇ ಬರೆದಿಡುವ ಕಾಲಂ ತಯಾರಾದದ್ದು ಹೀಗೆ.

ಹರ್ಬಾರ್ಟ್ ಸ್ವಿಟ್ಜರ್ಲೆಂಡಿಗೆ ಹೋದ ವರ್ಷವೇ, 1797ರಲ್ಲಿ, ಲಂಡನ್ನಿನಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅವನು ಮದರಾಸಿನ ಎಗ್ಮೋರಿನಲ್ಲಿ ಅನಾಥ ಗಂಡುಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದವನು. ಸ್ಥಳೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ಮೇಷ್ಟ್ರುಗಳು ಒಪ್ಪದಿದ್ದಾಗ ದೊಡ್ಡ ಹುಡುಗರ ಕೈಯಲ್ಲೇ ಚಿಕ್ಕವರಿಗೆ ಕಲಿಸಿದ. ಇದು ಮದ್ರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ನಮ್ಮ ಕೂಲಿಮಠಗಳಲ್ಲೂ ಮರಳು ಹರವಿ ಕೂರಿಸಿ, ಕಲಿತವನು ಕಲಿಯದವನಿಗೆ ಹೇಳಿಕೊಡುವುದು ನಡೆದುಕೊಂಡು ಬಂದದ್ದೇ. ನನಗೆ ಅದರಲ್ಲಿ ಮೆಚ್ಚುಗೆಯಾಗುವುದು ಒಂದು ವಿಷಯ: ಯಾರು ಮೇಷ್ಟ್ರಾಗಲು ಲಾಯಕ್ಕು ಎನ್ನುವುದು ಅಲ್ಲಿ ಹತ್ತು ಹನ್ನೆರಡು ವರ್ಷಕ್ಕೇ ಬಯಲಾಗುತ್ತಿತ್ತು. ಪಕ್ಕದವನ ಬೆರಳು ಹಿಡಿದು ತಿದ್ದಿಸುವಾಗ ತಾಳ್ಮೆ ಕೆಟ್ಟರೆ ಅಲ್ಲಿಗೇ ಗೊತ್ತಾಯಿತು, ಫೀಸಿಲ್ಲ, ರೆಕಾರ್ಡಿಲ್ಲ. ಮುಂದೆ 1868ರಲ್ಲಿ ಬಿ.ಎಲ್. ರೈಸ್ ಮೈಸೂರು ಸಂಸ್ಥಾನಕ್ಕೆ ಹೋಬಳಿ ಶಾಲೆಗಳ ಯೋಜನೆ ಕೊಟ್ಟರು, ಮೇಷ್ಟ್ರು ಸರ್ಕಾರಿ ಮನುಷ್ಯನಾಗುವ ದಾರಿ ತೆರೆಯಿತು. ಶಾಸನಗಳ ರೈಸ್ ಎಂದೇ ನಮಗೆಲ್ಲ ಗೊತ್ತಿರುವ ಅದೇ ರೈಸ್. ಅದಕ್ಕೂ ಮುಂಚೆ ಅವರು ಬೆಂಗಳೂರಿನಲ್ಲಿ ಹೆಡ್‌ಮಾಸ್ಟರ್, ಆಮೇಲೆ ಶಾಲಾ ಇನ್‌ಸ್ಪೆಕ್ಟರ್.

ನಾನು ಬಿ.ಇಡಿ. ಸೇರಿದ್ದಕ್ಕೆ ಇಂಥ ಘನ ಕಾರಣವೇನೂ ಇರಲಿಲ್ಲ. ಬಿ.ಎಸ್ಸಿ. ಆಗಿತ್ತು, ಬ್ಯಾಂಕ್ ಪರೀಕ್ಷೆಗಳು ಕೈ ಹಿಡಿದಿರಲಿಲ್ಲ, "ಸುಮ್ನೆ ಕೂರೋ ಬದಲು ಬಿ.ಇಡಿ. ಮಾಡ್ಕೊಳೋ, ಇರಲಿ" ಎಂದು ಸೋದರಮಾವ ಹೇಳಿದರು. "ಇರಲಿ" ಎಂದು ಮಾಡಿದವರೇ ನಮ್ಮ ಬ್ಯಾಚಿನಲ್ಲಿ ಮುಕ್ಕಾಲು ಪಾಲು.

ಪ್ರ್ಯಾಕ್ಟೀಸ್ ಟೀಚಿಂಗಿಗೆ ಯಲಹಂಕದ ಕಡೆಯ ಒಂದು ಶಾಲೆ ಸಿಕ್ಕಿತು. ಏಳನೇ ತರಗತಿ, ಪಾಠ ವೃತ್ತ. ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಲ್ಲಿ ಶುರುವಾಗಿ ಕೆಲವೇ ವರ್ಷ ಆಗಿತ್ತು, ಅಲ್ಲಿ ಕೆಲಸ ಮಾಡುವವರ ಮಕ್ಕಳು ತರಗತಿಯಲ್ಲಿದ್ದರು. ಸರಿ, ಪೀಠಿಕೆಗೆ ಇದಕ್ಕಿಂತ ಒಳ್ಳೆಯದು ಬೇಕೇ ಎಂದು ಬರೆದೆ. ಪ್ರಶ್ನೆ: ರೈಲಿನ ಗಾಲಿ ಯಾವ ಆಕಾರದಲ್ಲಿದೆ? ನಿರೀಕ್ಷಿತ ಉತ್ತರ: ವೃತ್ತಾಕಾರದಲ್ಲಿದೆ.

ಪ್ರಶ್ನೆ ಕೇಳಿದೆ. ಕಿಟಕಿ ಪಕ್ಕದ ಹುಡುಗ ಎದ್ದು ನಿಂತು, "ಒಂದು ವೃತ್ತ ಅಲ್ಲ ಸಾರ್, ತುಂಬಾ ಇದಾವೆ" ಅಂದ. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡುತ್ತಿದ್ದ ಅಧ್ಯಾಪಕರು ಪೆನ್ನಿನ ಮುಚ್ಚಳ ತೆಗೆದರು. ಹುಡುಗ ಬಿಡಲಿಲ್ಲ. "ಒಳಗಡೆ ದೊಡ್ಡದು, ಹೊರಗಡೆಗೆ ಬರ್ತಾ ಬರ್ತಾ ಚಿಕ್ಕದು. ನಮ್ಮಪ್ಪ ಹೇಳಿದಾರೆ." ನನಗೆ ಅದು ಗೊತ್ತಿರಲಿಲ್ಲ. ಹಲಗೆಯ ಮೇಲೆ ಬರಿ ನೋಡೋಣ ಎಂದು ಸೀಮೆಸುಣ್ಣ ಕೊಟ್ಟೆ. ಬರೆದ. ಹಳಿ ಮೇಲೆ ಕೂರುವ ಗಾಲಿಯ ಮೈ ಇಳಿಜಾರು. ಅದು ಹೇಗೆ ಎಂದು ಯಾರೋ ಕೇಳಿದರು. ಮೂಲೆಯ ನೀರಿನ ಮಡಕೆ ಮೇಲೆ ಸ್ಟೀಲ್ ಲೋಟ ಇತ್ತು, ಬಾಯಿ ಅಗಲ, ತಳ ಸಣ್ಣ. ಅದನ್ನು ಮೇಜಿನ ಮೇಲೆ ಮಲಗಿಸಿ ತಳ್ಳಿದೆ. ನೆಟ್ಟಗೆ ಹೋಗದೆ ಅದು ತಳದ ಕಡೆಗೆ ತಿರುಗಿ ಸುತ್ತು ಹಾಕಿ ಬಂತು. ಕ್ಲಾಸೆಲ್ಲ ಹೋ ಎಂದಿತು.

ವಿಷಯ ಇಷ್ಟೇ. ರೈಲಿನ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಿರುತ್ತವೆ, ಎರಡೂ ಒಂದೇ ಸಲ ಸುತ್ತಬೇಕು. ಆದರೆ ತಿರುವಿನಲ್ಲಿ ಹೊರಗಿನ ಹಳಿ ಉದ್ದ, ಒಳಗಿನದು ಗಿಡ್ಡ. ಗಾಲಿಗಳ ಜೋಡಿ ಸ್ವಲ್ಪ ಹೊರಕ್ಕೆ ಸರಿದಾಗ ಹೊರಗಿನ ಗಾಲಿ ತನ್ನ ದೊಡ್ಡ ವೃತ್ತದ ಮೇಲೂ ಒಳಗಿನದು ತನ್ನ ಚಿಕ್ಕ ವೃತ್ತದ ಮೇಲೂ ಉರುಳುತ್ತದೆ, ರೈಲು ತಿರುಗಿಕೊಳ್ಳುತ್ತದೆ. ತ್ರಿಜ್ಯ ಹೆಚ್ಚಾದರೆ ಪರಿಧಿ ಹೆಚ್ಚಾಗುತ್ತದೆ ಎನ್ನುವುದು ನನ್ನ ಪಾಠದ ಕೊನೆಯ ಸಾಲಿನಲ್ಲಿತ್ತು. ಅಂದು ಅದು ಮೊದಲೇ ಬಂದುಬಿಟ್ಟಿತು. ಗಂಟೆ ಹೊಡೆದಾಗ ಮೌಲ್ಯಮಾಪನದ ಕಾಲಂ ಖಾಲಿ. ರೆಕಾರ್ಡಿನ ಆ ಪುಟದ ಕೆಳಗೆ ಕೆಂಪು ಇಂಕಿನಲ್ಲಿ ಇಂದಿಗೂ ಇದೆ: "ವಿಷಯಾಂತರ. ಸಮಯಪಾಲನೆ ಇಲ್ಲ."

ನಾನು ಮೇಷ್ಟ್ರಾಗಬೇಕು ಎಂದು ನಿಜವಾಗಿ ಅನ್ನಿಸಿದ್ದು ಆ ಮಧ್ಯಾಹ್ನ. ನಮ್ಮ ಬ್ಯಾಚಿನಲ್ಲಿ ಇನ್ನೊಬ್ಬನಿದ್ದ. ಬರೆದ ಉತ್ತರವನ್ನೇ ಮಕ್ಕಳ ಬಾಯಲ್ಲಿ ಹೊರಡಿಸುವುದರಲ್ಲಿ ನಿಸ್ಸೀಮ, ಎಲ್ಲ ಪಾಠಕ್ಕೂ "ಉತ್ತಮ" ಪಡೆದವನು. ತರಗತಿಯಿಂದ ಹೊರಗೆ ಬಂದವನೇ ಆಕಳಿಸುತ್ತಿದ್ದ. ಬ್ಯಾಂಕ್ ಸೇರಿದ, ಅವನಿಗೂ ಒಳ್ಳೆಯದಾಯಿತು, ಮಕ್ಕಳಿಗೂ.

ಹಾಗಾಗಿ ನನ್ನ ಹತ್ತಿರ ಬರುವವರಿಗೆ ನಾನು ಒಂದು ಲೆಕ್ಕ ಬರೆದು ಕೊಡುತ್ತೇನೆ. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ ಮೂವತ್ತೈದು ಎಂದು ಒಂದು ಮಗು ಬರೆದಿದೆ, ನೀವೇನು ಮಾಡುತ್ತೀರಿ? ಬಹಳ ಜನ ಕೂಡಲೇ "ದಶಕ ತಗೋಬೇಕು ಅಂತ ಹೇಳಿಕೊಡ್ತೀನಿ" ಅನ್ನುತ್ತಾರೆ. ಸರಿಯಾದ ಮಾತೇ. ಯಾರೋ ಒಬ್ಬರು ಮಾತ್ರ ಹಾಳೆ ಎಳೆದುಕೊಂಡು, "ಮೂವತ್ತೈದು ಎಲ್ಲಿಂದ ಬಂತು?" ಎಂದು ತಲೆ ಕೆರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದಿದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಒಂದನೇ ಕ್ಲಾಸಿನ ಮಿಸ್ ಹೇಳಿದ್ದನ್ನು ಮಗು ಚಾಚೂ ತಪ್ಪದೆ ಪಾಲಿಸಿದೆ! ಇದು ಹೊಳೆದಾಗ ಮುಖ ಅರಳಿತೋ, ಅವರಿಗೆ ಎರಡನೇ ಕಾಫಿ. ಹರ್ಬಾರ್ಟ್ ಹೇಳಿದ್ದೂ ಬಹುಶಃ ಇದನ್ನೇ.

ಅಷ್ಟಕ್ಕೇ ಕೆಲಸ ಸಿಗುವುದಿಲ್ಲ, ಅದನ್ನೂ ಹೇಳಬೇಕಲ್ಲ. 2010ರಿಂದ ಒಂದರಿಂದ ಎಂಟನೇ ತರಗತಿಗೆ ಟಿಇಟಿ ಕಡ್ಡಾಯ. 2015ರಿಂದ ಬಿ.ಇಡಿ. ಎರಡು ವರ್ಷ. ಬಿ.ಇಡಿ. ಮಾಡಿದವರು ಒಂದರಿಂದ ಐದನೇ ತರಗತಿಗೆ ಅರ್ಹರಲ್ಲ, ಅಲ್ಲಿಗೆ ಡಿ.ಎಲ್.ಇಡಿ. ಬೇಕು ಎಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ತಿಳಿಯದೆ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆಂದು ಬಿ.ಇಡಿ.ಗೆ ಹಣ ಕಟ್ಟಲು ಹೊರಟವರನ್ನು ನಾನೇ ತಡೆದಿದ್ದೇನೆ. ಸಣ್ಣ ಖಾಸಗಿ ಶಾಲೆಗಳ ಸಂಬಳ ಕೇಳಿದರೆ ಟೆಕ್ ಪಾರ್ಕಿನವರಿಗೆ ಅದು ದಿನದ್ದೋ ತಿಂಗಳದ್ದೋ ಎಂಬ ಗೊಂದಲವಾಗುತ್ತದೆ. ಗೌರವದ ಮಾತು ಬಂದರೆ ಎಲ್ಲರೂ ರಾಧಾಕೃಷ್ಣನ್ ಕಥೆ ತೆಗೆಯುತ್ತಾರೆ. 1921ರಲ್ಲಿ ಅವರು ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ಶಿಷ್ಯರು ಸಾರೋಟನ್ನು ತಾವೇ ಎಳೆದು ಮೈಸೂರು ರೈಲ್ವೆ ಸ್ಟೇಷನ್ನಿಗೆ ಕರೆದೊಯ್ದದ್ದು ನಿಜ. ಆದರೆ ಕಳೆಯುವ ಲೆಕ್ಕ ಕಲಿಸಿದ ಮೇಷ್ಟ್ರ ಸಾರೋಟನ್ನು ಯಾರೂ ಎಳೆದದ್ದು ನಾನು ಕೇಳಿಲ್ಲ. ಜಿ.ಪಿ. ರಾಜರತ್ನಂ ವೃತ್ತಿ ಶುರು ಮಾಡಿದ್ದು ಶಿಶುವಿಹಾರದ ಮಕ್ಕಳ ಮುಂದೆ. ಆ ಮಕ್ಕಳಿಂದ ನಮಗೆ ಸಿಕ್ಕಿದ್ದು ಅವರ ಶಿಶುಗೀತೆಗಳು. ನನಗೆ ಈ ಉದಾಹರಣೆ ಹೆಚ್ಚು ಹತ್ತಿರ.

ಈ ಯೋಚನೆ ತಲೆಯಲ್ಲಿರುವವರಿಗೆ ಒಂದು ಮಾತು. ಫೀಸು ಕಟ್ಟುವ ಮೊದಲು, ರಾಜೀನಾಮೆ ಬರೆಯುವ ಮೊದಲು, ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳಿ ಒಂದು ತಿಂಗಳು ಶನಿವಾರದ ಪಾಠ ತೆಗೆದುಕೊಳ್ಳಿ. ಸಿಬ್ಬಂದಿ ಸಾಲದೆ ಒದ್ದಾಡುವ ಶಾಲೆಗಳೇ ಹೆಚ್ಚು, ಹೇಗೂ ಒಪ್ಪುತ್ತಾರೆ. ಒಳ್ಳೆಯ ಕ್ಲಾಸು ಕೇಳಬೇಡಿ. ನಾಲ್ಕನೇ ತರಗತಿ ಕೇಳಿ, ಭಿನ್ನರಾಶಿ ಕೇಳಿ. ನಾಲ್ಕು ಶನಿವಾರ ಆದ ಮೇಲೂ ಮಕ್ಕಳ ತಪ್ಪು ಉತ್ತರ ಮನೆಯವರೆಗೆ ನಿಮ್ಮ ಜೊತೆ ಬಂದರೆ ಅರ್ಜಿ ಹಾಕಿ. ಬರೀ ತಲೆನೋವು ಬಂದರೆ ಇರುವ ಕೆಲಸ ಬಿಡಬೇಡಿ.