ಅತ್ತರು, ಆದರೆ ಹಿಂಡಿ ಕೊಳ್ಳಲಿಲ್ಲ

ಟಿವಿ ಜಾಹೀರಾತಿನಲ್ಲಿ ಕಥೆ ಹೇಳಲು ಸಾಮಾನ್ಯವಾಗಿ ಸಿಗುವುದು 30 ಸೆಕೆಂಡ್. ಉಸಿರಾಡಲು ಜಾಗ ಬಿಟ್ಟು ಓದಿದರೆ ಕನ್ನಡದಲ್ಲಿ 50 ಪದ ಹಿಡಿಸುವುದೂ ಕಷ್ಟ. ಅಷ್ಟರಲ್ಲೇ ನೋಡುವವರ ಕಣ್ಣು ತುಂಬಿಸಬಲ್ಲೆ ಎಂಬ ನಂಬಿಕೆ ನನಗಿತ್ತು. ಪಶು ಆಹಾರದ ಕಂಪನಿಯೊಂದಕ್ಕೆ ಬರೆದ ಚಿತ್ರದಲ್ಲಿ ಅದನ್ನು ಮಾಡಿಯೂ ತೋರಿಸಿದೆ.

ಮಗಳನ್ನು ಓದಲು ಬೆಂಗಳೂರಿಗೆ ಕಳಿಸುವ ತಾಯಿ. ನಸುಕಿನಲ್ಲಿ ಹಾಲು ಕರೆಯುವ ಕೈ. ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟ ದುಡ್ಡು. ಬಸ್ಸಿನ ಕಿಟಕಿಯಿಂದ ಬೀಸುವ ಮಗಳ ಕೈ. ಕೊನೆಗೆ ನಾಲ್ಕು ಸೆಕೆಂಡ್ ಹಿಂಡಿಯ ಚೀಲ, ಕಂಪನಿಯ ಹೆಸರು. ಸ್ಕ್ರಿಪ್ಟ್ ಓದಿದ ದಿನ ಕ್ಲೈಂಟ್ ಕಡೆಯವರೇ ಕಣ್ಣೊರೆಸಿಕೊಂಡರು. ಒಂದು ಪದವೂ ಬದಲಾಗದೆ ಪಾಸಾಯಿತು.

ಪ್ರಸಾರ ಶುರುವಾದ ಮೇಲೆ ಮಂಡ್ಯ ಕಡೆಯ ಒಂದು ಊರಿಗೆ ಹೋಗಿದ್ದೆ. ಹಸು ಕಟ್ಟಿಕೊಂಡಿದ್ದ ಹೆಂಗಸೊಬ್ಬರನ್ನು ಜಾಹೀರಾತು ನೋಡಿದ್ದೀರಾ ಎಂದು ಕೇಳಿದೆ. “ನೋಡಿವ್ನಿ ಕನಪ್ಪ. ಆ ಹುಡ್ಗಿ ಬಸ್ ಹತ್ತದ್ ನೋಡುದ್ರೆ ಕಣ್ಣಲ್ ನೀರ್ ಬತ್ತದೆ. ಬ್ಯಾಂಕ್‌ದಲ್ವಾ ಅದು?” ಎಂದರು. ಪಕ್ಕದ ಮನೆಯವರು ಇನ್ಶೂರೆನ್ಸ್‌ದು ಅಂದರು. ಅಂಗಡಿಯಲ್ಲಿ ಚೀಲಗಳು ಇಟ್ಟಲ್ಲೇ ಇದ್ದವು. ಕೆಲವೇ ವಾರಗಳಲ್ಲಿ ಚಿತ್ರ ನಿಂತಿತು, ಕಂಪನಿ ಬೇರೆ ಏಜೆನ್ಸಿಗೆ ಹೋಯಿತು.

ಅದೇ ಊರಿನ ಡೈರಿಯಲ್ಲಿ ಬೆಳಗಿನ ಹೊತ್ತು ನಿಂತಾಗ ನಾನು ಬರೆಯಬೇಕಿದ್ದ ಕಥೆ ಕಣ್ಣೆದುರೇ ನಡೆಯುತ್ತಿತ್ತು. ಕ್ಯಾನು ಹಿಡಿದವರ ಸಾಲು. ಕಾರ್ಯದರ್ಶಿ ಒಬ್ಬೊಬ್ಬರ ಹಾಲಿನಿಂದಲೂ ಒಂದಿಷ್ಟು ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಅಂಕಿ ಮೂಡುವವರೆಗೆ ಹಾಲು ತಂದವರ ಕಣ್ಣು ಅಲ್ಲಿಂದ ಕದಲುವುದಿಲ್ಲ. ಫ್ಯಾಟ್ ಶೇ 3.5, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಶೇ 8.5 ಮುಟ್ಟಿದರೆ ಸರಿ. ಇಳಿದರೆ ಲೀಟರಿನ ದರವೂ ಇಳಿಯುತ್ತದೆ. “ಅದೇ ಹಸ, ಅದೇ ಮೇವು, ಇವತ್ಯಾಕಣ್ಣ ಕಮ್ಮಿ ಬಂತು?” ಎಂದು ಒಬ್ಬರು ಕೇಳುತ್ತಿದ್ದರು. ಎಳೇ ಹಸಿ ಹುಲ್ಲನ್ನೇ ತಿಂದರೆ ಫ್ಯಾಟ್ ಇಳಿಯುತ್ತದೆ, ಒಣ ಮೇವೂ ಬೇಕು ಎಂದು ಸಾಲಿನಲ್ಲಿದ್ದವರೇ ಹೇಳಿಕೊಟ್ಟರು. ಮಗಳ ಫೀಸು, ಅಂಗಡಿಯ ಸಾಲ, ಸಂಘದ ಕಂತು ಎಲ್ಲವೂ ಆ ಅಂಕಿಯ ಮೇಲೆ ನಿಂತಿರುತ್ತವೆ. ನಾನು ಮಾರಲು ಹೊರಟಿದ್ದ ಹಿಂಡಿಗೆ ಆ ಅಂಕಿಯೊಡನೆ ನೇರ ಸಂಬಂಧ. ನನ್ನ ಚಿತ್ರದಲ್ಲಿ ಆ ಯಂತ್ರವೇ ಇರಲಿಲ್ಲ.

ಮಾರುವ ವಸ್ತುವೇ ಕಥೆಯಾಗುವುದಕ್ಕೆ ಉದಾಹರಣೆಯಾಗಿ ಫೆವಿಕಾಲ್ ಅಂಟಿನ ಬಸ್ಸಿನ ಜಾಹೀರಾತು ಅನೇಕರಿಗೆ ನೆನಪಿರಬಹುದು. ಆಗ ಪಿಯೂಷ್ ಪಾಂಡೆ ಮುಂದಾಳತ್ವದಲ್ಲಿದ್ದ ಒಗಿಲ್ವಿ ಏಜೆನ್ಸಿಯದು, ನಿರ್ದೇಶನ ಅವರ ತಮ್ಮ ಪ್ರಸೂನ್ ಪಾಂಡೆಯವರದು. ಒಳಗೂ ಮೇಲೂ ಜನ ತುಂಬಿ ನೇತಾಡುವ ಬಸ್ಸು ಹಳ್ಳದಿಣ್ಣೆಯ ದಾರಿಯಲ್ಲಿ ಕುಲುಕುತ್ತ ಸಾಗುತ್ತದೆ, ಒಬ್ಬರೂ ಉದುರುವುದಿಲ್ಲ. ಬಸ್ಸಿನ ಹಿಂದೆ ಫೆವಿಕಾಲ್ ಬೋರ್ಡು. ಮಾತೇ ಬೇಕಿಲ್ಲ. ಅಂಟನ್ನು ತೆಗೆದುಬಿಟ್ಟರೆ ಅಲ್ಲಿ ಕಥೆಯೇ ಉಳಿಯುವುದಿಲ್ಲ. ನನ್ನದರಲ್ಲಿ ಹಿಂಡಿ ತೆಗೆದು ಸಾಲ, ಸೋಪು, ಸಿಮ್ ಕಾರ್ಡು ಏನಿಟ್ಟರೂ ನಡೆಯುತ್ತಿತ್ತು. ಆ ತಾಯಿಯನ್ನು ನಾನು ತಂದದ್ದು ನೋಡಿದ ಸಿನಿಮಾಗಳಿಂದ. ಹಸು ಸಾಕಿದವರಿಂದ ಅಲ್ಲ.

ಹಣ ಕೊಟ್ಟ ಕಂಪನಿಗೆ ನಷ್ಟವಾಯಿತು, ಅದು ಸಣ್ಣದಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಆ ಹೆಂಗಸಿನ ಕಣ್ಣೀರು. ಅದು ಅವರ ಬದುಕಿನದೇ, ನಿಜವಾದದ್ದು. ಅದಕ್ಕೆ ಪ್ರತಿಯಾಗಿ ಅವರ ಹಸುವಿಗೆ ಬೇಕಾದ ಒಂದು ಮಾಹಿತಿಯನ್ನೂ ನಾನು ಕೊಟ್ಟಿರಲಿಲ್ಲ.

ಈಗ ಕ್ಲೈಂಟ್‌ನಿಂದ ಬ್ರೀಫ್ ಬಂದೊಡನೆ, ಆ ವಸ್ತು ಬಳಸುವವರ ನಡುವೆ ಒಂದು ದಿನ ಕೂರಬೇಕು ಎಂದು ಕೇಳುತ್ತೇನೆ. ಎಲ್ಲರೂ ಒಪ್ಪುವುದಿಲ್ಲ. ಮುಂಬೈಯಿಂದ ಹಿಂದಿ ಸ್ಕ್ರಿಪ್ಟ್ ಸಂಜೆ ಬಂದು ಮರುದಿನವೇ ಡಬ್ಬಿಂಗ್ ಆಗಬೇಕಾದಾಗ ತುಟಿ ಚಲನೆಗೆ ಕನ್ನಡ ಹೊಂದಿಸುವುದರಲ್ಲೇ ರಾತ್ರಿ ಮುಗಿಯುತ್ತದೆ. ಆಗಲೂ ಪರಿಚಯದ ಅಂಗಡಿಯವರಿಗೋ ಡೈರಿ ಕಾರ್ಯದರ್ಶಿಗೋ ಫೋನ್ ಮಾಡಿ, ಕೊಳ್ಳುವವರು ಬಾಯಿಬಿಟ್ಟು ಏನೆಂದು ಕೇಳುತ್ತಾರೆ ಎಂದು ತಿಳಿದುಕೊಂಡೇ ಬರೆಯಲು ಕೂರುತ್ತೇನೆ.